ಕಾಸರಗೋಡಿನ ಮಕ್ಕಳಿಗೆ ಗದ್ಯಭಾಗ ಕಳಿಸುವ ಮೊದಲು

ವಿಜ್ಞಾನ, ಚರಿತ್ರೆ, ಪೌರನೀತಿ ಅಂತ ಅರ್ಧ ಅರ್ಧ ಪುಟದ ಗದ್ಯಭಾಗಗಳನ್ನು ಬರೆದು, ಕೆಳಗೆ ಪ್ರಶ್ನೆ, ಪದಗಳ ಅರ್ಥ ಎಲ್ಲ ಕೊಟ್ಟು ನಮ್ಮ ಕಡೆಯ ಕನ್ನಡ ಮಾಧ್ಯಮದ ಮಕ್ಕಳಿಗೆ ಕಳಿಸಬೇಕು ಅಂತಿದ್ದೀರಿ. ಒಳ್ಳೆಯದು. "ಅಲ್ಲಿಯ ಮಕ್ಕಳ ಕನ್ನಡ ಹೇಗಿದೆ, ಎಷ್ಟು ಸುಲಭ ಮಾಡಬೇಕು?" ಅಂತ ಕೇಳಿದ್ದೀರಿ. ಸುಲಭ ಮಾಡುವುದೇ ಬೇಡ. ಕಷ್ಟದ ಪದ ಬಂದರೆ ನಮ್ಮ ಮಕ್ಕಳು ನಿಂತು ಕೇಳುತ್ತಾರೆ. ಅವರು ಎಡವುವುದು ಗೊತ್ತಿರುವ ಪದಗಳಲ್ಲಿ. ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾನು ಇಲ್ಲೇ ಕನ್ನಡ ಮಾಧ್ಯಮದಲ್ಲಿ ಓದಿದವನು. ಈಗ ಸಂಜೆ ಹೊತ್ತು ಊರಿನ ವಾಚನಾಲಯದಲ್ಲಿ ಮಕ್ಕಳನ್ನು ಕೂರಿಸಿಕೊಂಡು ಓದಿಸುತ್ತೇನೆ.

ಮೊದಲು ತರಗತಿ ಹೇಗಿರುತ್ತದೆ ಅಂತ ತಿಳಿಯಿರಿ. ಕನ್ನಡ ಮಾಧ್ಯಮ ಅಂದ ಕೂಡಲೇ ಮನೆಮಾತೂ ಕನ್ನಡ ಅಂತ ಮೈಸೂರು ಕಡೆಯವರು ಅಂದುಕೊಳ್ಳುತ್ತೀರಿ. ಇಲ್ಲಿ ಹಾಗಲ್ಲ. ಒಂದೇ ಬೆಂಚಿನಲ್ಲಿ ಒಬ್ಬಳ ಮನೆಯಲ್ಲಿ ತುಳು, ಪಕ್ಕದವಳ ಮನೆಯಲ್ಲಿ ಮಲಯಾಳ, ಆಚೆ ಕೂತವಳದ್ದು ಕೊಂಕಣಿ ಅಥವಾ ಮರಾಠಿ. ಬ್ಯಾರಿ ಮಾತಾಡುವವರಿದ್ದಾರೆ. ಹವ್ಯಕ ಕನ್ನಡದವರಿಗೆ ಮನೆಯಲ್ಲಿ ಕನ್ನಡವೇ ಆದರೂ ಅದು ಪುಸ್ತಕದ ಕನ್ನಡ ಅಲ್ಲ. ಸಪ್ತಭಾಷಾ ಸಂಗಮ ಅಂತ ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದರ ನಿಜವಾದ ಅರ್ಥ ಐದನೇ ತರಗತಿಯ ಬೆಂಚಿನಲ್ಲಿ ಕೂತರೆ ಗೊತ್ತಾಗುತ್ತದೆ. ಈ ಮಕ್ಕಳಲ್ಲಿ ಜಾಸ್ತಿ ಜನರಿಗೆ ಕನ್ನಡ ಅಂದರೆ ಶಾಲೆಯ ಭಾಷೆ, ಯಕ್ಷಗಾನದ ಭಾಷೆ, ಮದುವೆ ಕಾಗದದ ಭಾಷೆ.

ಹಾಗಂತ ಓದಲು ಬರುವುದಿಲ್ಲ ಅಂದುಕೊಳ್ಳಬೇಡಿ. ಬರುತ್ತದೆ, ಚೆನ್ನಾಗಿಯೇ ಬರುತ್ತದೆ. ಕನ್ನಡ ಲಿಪಿ ಬರೆದ ಹಾಗೆ ಓದುವಂಥದ್ದು ಅಲ್ವಾ? ಕಾಗುಣಿತ, ಒತ್ತಕ್ಷರ ಕೈವಶ ಆದ ಮೇಲೆ ಮಗು ಯಾವ ಗದ್ಯಭಾಗವನ್ನಾದರೂ ಗಡಗಡ ಓದಿಬಿಡುತ್ತದೆ. "ಬಾಷ್ಪವಿಸರ್ಜನೆ" ಅಂತ ಒಂದೂ ತಪ್ಪಿಲ್ಲದೆ ಹೇಳುತ್ತದೆ. ಕೇಳುವವರು ಸಂತೋಷಪಡುತ್ತಾರೆ. ಅರ್ಥ ಆಗಿದೆಯೇ ಅಂತ ಯಾರೂ ಕೇಳುವುದಿಲ್ಲ. ಪ್ರಶ್ನೆಯಲ್ಲಿರುವ ಪದವನ್ನು ಗದ್ಯಭಾಗದಲ್ಲಿ ಹುಡುಕಿ, ಆ ಸಾಲನ್ನೇ ಇಳಿಸಿದರೆ ಅಂಕವೂ ಸಿಗುತ್ತದೆ. ಹಾಗಾಗಿ "ಯಾರು, ಯಾವಾಗ, ಎಲ್ಲಿ" ಅನ್ನುವ ಪ್ರಶ್ನೆಗಳನ್ನು ಮಾತ್ರ ಕೊಟ್ಟರೆ ನಮ್ಮ ಮಕ್ಕಳೆಲ್ಲ ಪಾಸು. ಅದರಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಈಗ ಪದಗಳ ವಿಷಯ. ನಮ್ಮ ಮಕ್ಕಳಿಗೆ ಸುತ್ತಲೂ ಮಲಯಾಳ ಇದೆ. ಬಸ್ಸಿನ ಬೋರ್ಡಿನಿಂದ ಪಂಚಾಯತ್ ನೋಟೀಸಿನವರೆಗೆ ಅದೇ. 2017ರಲ್ಲಿ ಕೇರಳದ ಶಾಲೆಗಳಲ್ಲಿ 10ನೇ ತರಗತಿವರೆಗೆ ಮಲಯಾಳ ಕಲಿಕೆ ಕಡ್ಡಾಯ ಎಂಬ ಕಾನೂನೂ ಬಂತು. ಅದರ ಜಗಳ ಇಲ್ಲಿ ಬೇಡ. ಎರಡೂ ಭಾಷೆ ಸಂಸ್ಕೃತದಿಂದ ಪದ ತೆಗೆದುಕೊಂಡಿವೆ, ಆದರೆ ಬೇರೆ ಬೇರೆ ಅರ್ಥಕ್ಕೆ. ಮಲಯಾಳದಲ್ಲಿ "ನಿರೀಕ್ಷಣ" ಅಂದರೆ ಗಮನವಿಟ್ಟು ನೋಡುವುದು, ನಾವು ವೀಕ್ಷಣೆ ಅನ್ನುವುದು. ಕನ್ನಡದಲ್ಲಿ "ನಿರೀಕ್ಷೆ" ಅಂದರೆ ಹೀಗಾದೀತು ಅಂತ ಕಾಯುವುದು. ನೀವು ವಿಜ್ಞಾನದ ಗದ್ಯಭಾಗದಲ್ಲಿ "ವಿಜ್ಞಾನಿಯ ನಿರೀಕ್ಷೆ ಏನಾಗಿತ್ತು?" ಅಂತ ಕೇಳುತ್ತೀರಿ. ಮಗು ಆತ ಕಣ್ಣಾರೆ ಕಂಡದ್ದನ್ನು ಬರೆಯುತ್ತದೆ. ಆತ ಅಂದುಕೊಂಡದ್ದು ಒಂದು, ಕಂಡದ್ದು ಇನ್ನೊಂದು. ಪಾಠದ ಜೀವಾಳವೇ ಆ ವ್ಯತ್ಯಾಸ. ಅಲ್ಲೇ ಮಗು ಜಾರಿತು. ತಿದ್ದುವವರು "ಗದ್ಯಭಾಗ ಅರ್ಥವಾಗಿಲ್ಲ" ಅಂತ ಕೆಂಪು ಗೆರೆ ಎಳೆಯುತ್ತಾರೆ. ಅರ್ಥವಾಗಿತ್ತು. ಪ್ರಶ್ನೆಯ ಒಂದು ಪದ ಮಾತ್ರ ಇನ್ನೊಂದು ಭಾಷೆಯ ಅರ್ಥದಲ್ಲಿ ಕೇಳಿಸಿತು.

"ಪರೀಕ್ಷಣ" ಅಂದರೆ ಮಲಯಾಳದಲ್ಲಿ ನಮ್ಮ "ಪ್ರಯೋಗ". "ಅನುಮಾನ" ಅಂದರೆ ತಿಳಿದದ್ದರಿಂದ ಊಹಿಸಿ ತೀರ್ಮಾನಕ್ಕೆ ಬರುವುದು. ಆಡುಗನ್ನಡದಲ್ಲಿ ಅದೇ ಪದ ಸಂಶಯ ಆಗಿದೆ. "ಅವಸರ" ಅಲ್ಲಿ ಅವಕಾಶ, ಇಲ್ಲಿ ಗಡಿಬಿಡಿ. "ಉಪನ್ಯಾಸ" ಅಲ್ಲಿ ಬರೆಯುವ ಪ್ರಬಂಧ, ಇಲ್ಲಿ ವೇದಿಕೆಯ ಭಾಷಣ. ಇಂಥ ಪದ ಗದ್ಯಭಾಗದಲ್ಲಿ ಇದ್ದರೆ ತೆಗೆಯಬೇಡಿ. ಪ್ರಶ್ನೆಯಲ್ಲೇ ಅದನ್ನು ಎತ್ತಿಕೊಳ್ಳಿ: "ಇಲ್ಲಿ ಈ ಪದಕ್ಕೆ ಯಾವ ಅರ್ಥ? ನಿಮಗೆ ಹೇಗೆ ಗೊತ್ತಾಯಿತು?" ಎರಡನೆಯ ಭಾಗವೇ ಮುಖ್ಯ. ಸುತ್ತಲಿನ ಯಾವ ಮಾತಿನಿಂದ ಗೊತ್ತಾಯಿತು ಅಂತ ಮಗು ಬೆರಳಿಟ್ಟು ತೋರಿಸಬೇಕು.

ಇದು ಗಡಿಯ ಮಕ್ಕಳಿಗೆ ಮಾತ್ರ ಬರುವ ತೊಂದರೆ ಅಂತಲೂ ಅಲ್ಲ. ಕನ್ನಡದ ಒಳಗೇ ಒಂದು ಪದ ಪಾಠದಿಂದ ಪಾಠಕ್ಕೆ ಬೇರೆ ಆಗುತ್ತದೆ. ಚರಿತ್ರೆಯಲ್ಲಿ "ಶಾಸನ" ಕಲ್ಲಿನ ಮೇಲೆ ಕೆತ್ತಿದ್ದು, ಪೌರನೀತಿಯಲ್ಲಿ ವಿಧಾನಸಭೆ ಮಾಡುವ ಕಾನೂನು. ಮನೆಯಲ್ಲಿ ಮಲಯಾಳ ಮಾತಾಡುವ ಮಗುವಿಗೆ ಅದು ಗದರಿಸುವುದೂ ಹೌದು. ಭೌತಶಾಸ್ತ್ರದ "ಕೆಲಸ" ಇನ್ನೂ ತಮಾಷೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತು ಒಂದು ಗಂಟೆ ಅಲುಗಾಡದೆ ನಿಂತರೂ ಹೊರೆಯ ಮೇಲೆ ಕೆಲಸ ಆಗಲಿಲ್ಲ ಅನ್ನುತ್ತದೆ ಪಾಠ. ಬಲ ಹಾಕಿದರೆ ಸಾಲದು, ವಸ್ತು ಆ ದಿಕ್ಕಿನಲ್ಲಿ ಸರಿಯಬೇಕು. "ಹಾಗಾದರೆ ನನ್ನ ಅಮ್ಮ ಸುಮ್ನೆ ನಿಂತದ್ದಾ?" ಅಂತ ಮಕ್ಕಳು ವಾದಕ್ಕೆ ಬರುತ್ತಾರೆ. ಬರಲಿ. ಆ ವಾದ ನಡೆದ ಮೇಲೆ ಪದ ಮರೆಯುವುದಿಲ್ಲ.

ಉದ್ದದ ಪದಗಳಿಗೆ ನೀವು ಹೆದರಲೇಬೇಡಿ. ಅವನ್ನು ಒಡೆಯಬಹುದು. ಬಾಷ್ಪವಿಸರ್ಜನೆಯಲ್ಲಿ "ವಿಸರ್ಜನೆ" ಗಣೇಶ ಚೌತಿಯಿಂದ ಎಲ್ಲರಿಗೂ ಗೊತ್ತು. "ಬಾಷ್ಪ" ತೀರಿಹೋದವರ ಫ್ಲೆಕ್ಸಿನಲ್ಲಿ ಬಾಷ್ಪಾಂಜಲಿ ಅಂತ ಕಂಡದ್ದು. ಅಲ್ಲಿ ಕಣ್ಣೀರು, ಇಲ್ಲಿ ಆವಿ. ಎಲೆ ನೀರನ್ನು ಆವಿಯಾಗಿ ಹೊರಗೆ ಬಿಡುತ್ತದೆ, ಅಷ್ಟೇ.

ಉದ್ದದ ವಾಕ್ಯಗಳು ಮಾತ್ರ ಕಾಡುತ್ತವೆ. ನಮ್ಮ ಪಠ್ಯಪುಸ್ತಕ ತಿರುವನಂತಪುರದಲ್ಲಿ ತಯಾರಾಗುವುದು. ಕೇರಳದಲ್ಲಿ ಮಲಯಾಳ, ಇಂಗ್ಲಿಷ್, ತಮಿಳು, ಕನ್ನಡ ನಾಲ್ಕರಲ್ಲೂ ಎಸ್ಸೆಸ್ಸೆಲ್ಸಿ ಬರೆಯಬಹುದು, ಅದು ದೊಡ್ಡ ವಿಷಯವೇ. ಆದರೆ ಪಾಠಗಳು ಕನ್ನಡಕ್ಕೆ ಬರುವುದು ಅನುವಾದವಾಗಿ. ವಾಕ್ಯದ ಮೊದಲಲ್ಲಿ ಕರ್ತೃ, ಕೊನೆಯಲ್ಲಿ ಕ್ರಿಯಾಪದ, ನಡುವೆ "ಆಗಿರುವ", "ಉಂಟಾಗುವ", "ಒಳಗೊಂಡಿರುವ" ಅಂತ ಸಾಲು. ಯಾವುದು ಯಾವುದಕ್ಕೆ ಸೇರಿದ್ದು ಅಂತ ತಿಳಿಯುವಷ್ಟರಲ್ಲಿ ವಾಕ್ಯ ಮುಗಿದಿರುತ್ತದೆ. ನಿಮ್ಮ ಗದ್ಯಭಾಗ ಹೀಗಿರುವುದು ಬೇಡ. ಚಿಕ್ಕ ವಾಕ್ಯ ಬರೆಯಿರಿ. ಆದರೆ "ಆದರೂ", "ಹಾಗಾಗಿ", "ಹೊರತು", "ಅಲ್ಲದೆ" ಇವನ್ನು ಉಳಿಸಿ. ಸುಲಭ ಮಾಡುವ ಭರದಲ್ಲಿ ಮೊದಲು ಕಿತ್ತುಹಾಕುವುದು ಇವನ್ನೇ. ಕಿತ್ತರೆ ಮಾಹಿತಿ ಇರುತ್ತದೆ, ವಾದ ಇರುವುದಿಲ್ಲ. "ಮುರಕಲ್ಲು ಕಡಿಯುವಾಗ ಮೆತ್ತಗಿರುತ್ತದೆ. ಆದರೂ ಗೋಡೆ ಗಟ್ಟಿ." ಈ "ಆದರೂ" ನೋಡಿದ ಮಗು ಯಾಕೆ ಅಂತ ಕೇಳಬೇಕು. ಗಾಳಿಗೆ ಒಡ್ಡಿದರೆ ಆ ಕಲ್ಲು ಗಟ್ಟಿಯಾಗುತ್ತದೆ ಅನ್ನುವುದು ಮುಂದಿನ ಸಾಲು.

ಮುರಕಲ್ಲು ಅಂದದ್ದು ನಿಮ್ಮ ಪುಸ್ತಕಗಳ ಜಂಬಿಟ್ಟಿಗೆ, ಲ್ಯಾಟರೈಟ್. ಬ್ರಿಟಿಷರ ಕಾಲದ ಸಮೀಕ್ಷಕ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟದ್ದು ಕೇರಳದ ಅಂಗಾಡಿಪುರದ ಕಲ್ಲು ನೋಡಿ. "ಜಂಬಿಟ್ಟಿಗೆ" ಅಂತ ಬರೆದರೆ ಇಲ್ಲಿಯ ಮಗುವಿಗೆ ಅದು ಯಾವುದೋ ದೂರದ ಖನಿಜ. ತನ್ನ ಮನೆಯ ಗೋಡೆಯೇ ಅದು ಅಂತ ಗೊತ್ತಾಗುವುದಿಲ್ಲ. ಎರಡೂ ಹೆಸರು ಕೊಡಿ.

ಇನ್ನೊಂದು ಅಡಚಣೆ ನಿಮಗೆ ಕಾಣುವುದೇ ಇಲ್ಲ, ಯಾಕೆಂದರೆ ಅದು ಪದದಲ್ಲಿಲ್ಲ. ನೀವು "ನಮ್ಮ ರಾಜ್ಯ" ಅಂತ ಬರೆಯುತ್ತೀರಿ. 1956ರ ನವೆಂಬರ್ 1ಕ್ಕೆ ಮೊದಲು ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯವರು. ಆ ದಿನದಿಂದ ಕೇರಳದವರು. ನಿಮಗೆ ರಾಜ್ಯೋತ್ಸವ, ಇಲ್ಲಿ ಕೇರಳ ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕದ ಕಡೆ ಸೇರಬೇಕು ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. 1984ರಲ್ಲಿ ಕಾಸರಗೋಡು ಕೇರಳದ ಪ್ರತ್ಯೇಕ ಜಿಲ್ಲೆ ಆಯಿತು. ದೊಡ್ಡವರಿಗೆ ಇದರಲ್ಲಿ ನೋವಿದೆ. ಹತ್ತು ವರ್ಷದ ಮಗುವಿಗೆ "ನಮ್ಮ ರಾಜ್ಯದ ಉದ್ದದ ನದಿ" ಅಂದರೆ ಪೆರಿಯಾರ್. ಅದು ತಪ್ಪಲ್ಲ, ಅದರ ಪುಸ್ತಕದಲ್ಲಿ ಹಾಗೇ ಇದೆ. ಹಾಗಾಗಿ "ನಮ್ಮ" ಬಿಟ್ಟು ಹೆಸರು ಹಾಕಿ: ಕರ್ನಾಟಕದಲ್ಲಿ, ಕೇರಳದಲ್ಲಿ. ಚರಿತ್ರೆಗೆ ಬೇಕಲ ಕೋಟೆಯನ್ನು ತೆಗೆದುಕೊಳ್ಳಬಹುದು. ಕೆಳದಿಯ ನಾಯಕರ ಕೋಟೆ ಈಗ ಕೇರಳದ ಪ್ರವಾಸಿ ತಾಣ ಹೇಗಾಯಿತು ಅಂತ ಕೇಳಿದರೆ ರಾಜ್ಯ, ಗಡಿ, ಭಾಷೆ ಎಲ್ಲ ತಾನಾಗಿ ಬರುತ್ತದೆ.

ವಿಜ್ಞಾನಕ್ಕೆ ನನ್ನ ಮೊದಲ ಆಯ್ಕೆ ಸುರಂಗ. ರೈಲಿನ ಸುರಂಗ ಅಲ್ಲ, ನೀರಿನದ್ದು. ಹೀಗೆ ಬರೆಯಬಹುದು: "ಗುಡ್ಡೆಯ ಬದಿಯನ್ನು ಅಡ್ಡಕ್ಕೆ ಕೊರೆದು ಸುರಂಗ ಮಾಡುತ್ತಾರೆ. ಒಳಗೆ ಒಬ್ಬ ಮನುಷ್ಯ ಹೋಗುವಷ್ಟೇ ಜಾಗ. ಮಳೆಗಾಲದಲ್ಲಿ ಮುರಕಲ್ಲಿನ ಸಂದುಗಳಲ್ಲಿ ಇಳಿದ ನೀರು ಅಲ್ಲಿ ಜಿನುಗುತ್ತದೆ. ಸುರಂಗದ ನೆಲ ಹೊರಬದಿಗೆ ಸ್ವಲ್ಪ ಇಳಿಜಾರು. ಹಾಗಾಗಿ ನೀರು ತಾನಾಗಿ ಹರಿದು ಬರುತ್ತದೆ." ಇದಕ್ಕೆ "ಸುರಂಗ ಎಂದರೇನು?" ಅಂತ ಕೇಳಬೇಡಿ. "ಇದಕ್ಕೆ ಪಂಪು ಯಾಕೆ ಬೇಡ?" ಅಂತ ಕೇಳಿ. ಪಂಪು ಅನ್ನುವ ಪದ ಗದ್ಯಭಾಗದಲ್ಲಿಲ್ಲ, ಉತ್ತರ ಇದೆ. ಆಮೇಲೆ "ಗುಡ್ಡೆಯ ಮೇಲೆ ಕಲ್ಲಿನ ಕೋರೆ ಬಂದರೆ ಸುರಂಗಕ್ಕೆ ಎಂತ ಆದೀತು?" ಅಂತ ಕೇಳಿ. ಇದರ ಉತ್ತರ ಯಾವ ಸಾಲಿನಲ್ಲೂ ಇಲ್ಲ, ಮಗುವೇ ಕಟ್ಟಬೇಕು. ಸುರಂಗ ಕಂಡಿರುವ ಮಕ್ಕಳು ನಿಮಗೆ ಗೊತ್ತಿಲ್ಲದ್ದನ್ನೂ ಹೇಳುತ್ತಾರೆ. ಬೇಸಿಗೆಗೆ ನೀರು ನಿಲ್ಲಿಸಲು ತೋಡಿಗೆ ಹಾಕುವ ಕಟ್ಟ, ಅಡಿಕೆ ತೋಟ ಇವೂ ಆಗುತ್ತವೆ. ಕಾಸರಗೋಡಿನಲ್ಲಿ 1916ರಲ್ಲೇ ಶುರುವಾದ ತೆಂಗು ಸಂಶೋಧನಾ ಕೇಂದ್ರವಿದೆ, ಈಗಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ). ತೆಂಗಿನ ಬಗ್ಗೆ ಬರೆಯುವುದಾದರೆ ಅದು ನೆನಪಿರಲಿ.

ಎಂಡೋಸಲ್ಫಾನ್ ಅನ್ನುವ ಕೀಟನಾಶಕದ ಬಗ್ಗೆ ಬರೆಯುವುದಾದರೆ ಜಾಗ್ರತೆ. ಬರೆಯಬೇಡಿ ಅನ್ನುವುದಿಲ್ಲ. ಗೇರು ತೋಟದ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸಿದ್ದು, ಜನ ಹೋರಾಡಿದ್ದು, 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸಿದ್ದು ಮಕ್ಕಳಿಗೆ ಗೊತ್ತಿರಬೇಕು. ಆದರೆ ಕೆಳಗೆ "ಬಿಟ್ಟ ಸ್ಥಳ ತುಂಬಿರಿ" ಅಂತ ಹಾಕಬೇಡಿ. ಕೆಲವು ಮಕ್ಕಳ ಮನೆಯಲ್ಲಿ ಅದು ಇನ್ನೂ ಹಾಸಿಗೆ ಹಿಡಿದಿದೆ.

ಓದಿಸುವ ರೀತಿ ಬಗ್ಗೆ ಒಂದು ಮಾತು. ನಾವು ಗದ್ಯಭಾಗವನ್ನು ಕನ್ನಡದಲ್ಲಿ ಓದಿಸಿ, ಪುಸ್ತಕ ಮುಚ್ಚಿಸಿ, "ಈಗ ಮನೆಯಲ್ಲಿ ಅಜ್ಜಿಗೆ ಹೇಳುವ ಹಾಗೆ ಹೇಳು" ಅನ್ನುತ್ತೇವೆ. ತುಳುವಿನಲ್ಲಿ ಹೇಳಲಿ, ಬ್ಯಾರಿಯಲ್ಲಿ ಹೇಳಲಿ. ಸಾಲು ಇಳಿಸುವ ಉಪಾಯ ಅಲ್ಲಿ ನಡೆಯುವುದಿಲ್ಲ. ಅರ್ಥವಾಗದ ಜಾಗದಲ್ಲಿ ಮಗು ಕನ್ನಡ ಪದವನ್ನೇ ಹಾಗೇ ಎತ್ತಿಡುತ್ತದೆ, ಅಥವಾ ನಿಲ್ಲುತ್ತದೆ. ಎಲ್ಲಿ ನಿಂತಿತೋ ಅಲ್ಲಿಂದ ಪಾಠ ಶುರು. ಆಮೇಲೆ ಅದನ್ನೇ ತನ್ನ ಕನ್ನಡದಲ್ಲಿ ಬರೆಯಬೇಕು. ಇದರಿಂದ ಕನ್ನಡ ಕೆಡುತ್ತದೆ ಅನ್ನುವವರು ಇಲ್ಲೂ ಇದ್ದಾರೆ. ನನಗೆ ಹಾಗೆ ಕಂಡಿಲ್ಲ. ಕನ್ನಡ ಕೆಡುವುದು ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ತರಗತಿಗೆ ಹಾಕಿದಾಗ, ಅದೂ ಇಲ್ಲಿ ನಡೆದಿದೆ.

ಹಾಗಾಗಿ ಪದಗಳ ಅರ್ಥಪಟ್ಟಿಯನ್ನು ಗದ್ಯಭಾಗದ ಕೆಳಗೆ ಹಾಕಬೇಡಿ, ಮಕ್ಕಳು ಮೊದಲು ಅದನ್ನೇ ನೋಡುತ್ತಾರೆ. ಪುಸ್ತಕದ ಕೊನೆಯಲ್ಲಿ ಶಿಕ್ಷಕರಿಗೆ ಕೊಡಿ. ಪಟ್ಟಿಯ ಜಾಗವನ್ನು ಖಾಲಿ ಬಿಡಿ, ಮಕ್ಕಳು ತಮ್ಮ ಮನೆಮಾತಿನ ಪದ ಬರೆದುಕೊಳ್ಳಲಿ. ಅಕ್ಷರ ಸ್ವಲ್ಪ ದೊಡ್ಡದಿರಲಿ, ಒತ್ತಕ್ಷರ ಸ್ಪಷ್ಟ ಕಾಣಬೇಕು. ಕೇರಳದಲ್ಲಿ ಜೂನ್ 19 ವಾಚನಾ ದಿನ, ಗ್ರಂಥಾಲಯ ಚಳವಳಿಯ ಪಿ. ಎನ್. ಪಣಿಕ್ಕರ್ ಅವರ ನೆನಪಿನಲ್ಲಿ. ಆ ವಾರವಿಡೀ ಶಾಲೆಗಳಲ್ಲಿ ಓದಿನ ಕಾರ್ಯಕ್ರಮ ಇರುತ್ತದೆ, ಕನ್ನಡದಲ್ಲಿ ಕೊಡಲು ಹೊಸದೇನೂ ಸಿಗದೆ ಶಿಕ್ಷಕರು ಪರದಾಡುತ್ತಾರೆ. ಜೂನ್ ಮೊದಲ ವಾರದಲ್ಲಿ ಪುಸ್ತಕ ಇಲ್ಲಿ ತಲುಪುವ ಹಾಗೆ ನೋಡಿಕೊಳ್ಳಿ. ಮಳೆ ಶುರುವಾಗಿರುತ್ತದೆ, ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿ.