ಮಿನಿ ಬೈಕಿಗೆ ಎಷ್ಟು ಹಲ್ಲಿನ ಸ್ಪ್ರಾಕೆಟ್?

ಪ್ರಶ್ನೆ: ಐಟಿಐ ಓದುತ್ತಿರುವ ನನ್ನ ಮಗ ಹಳೆಯ ಪಂಪ್‌ಸೆಟ್ಟಿನ 196 ಸಿಸಿ ಪೆಟ್ರೋಲ್ ಎಂಜಿನ್ ಬಳಸಿ ಮಿನಿ ಬೈಕೊಂದನ್ನು ಕಟ್ಟಿದ್ದಾನೆ. ಎಂಜಿನ್ನಿನ ಶಾಫ್ಟಿಗೆ ಕೂರಿಸಿದ ಸೆಂಟ್ರಿಫ್ಯೂಗಲ್ ಕ್ಲಚ್ಚಿನಲ್ಲಿ 10 ಹಲ್ಲು, ಹಿಂದಿನ ಚಕ್ರದ ಸ್ಪ್ರಾಕೆಟ್ಟಿನಲ್ಲಿ (ಚೈನು ಸುತ್ತುವ ಹಲ್ಲುಚಕ್ರ) 50 ಹಲ್ಲು ಇವೆ. ಟೈರ್ ಸೇರಿ ಚಕ್ರದ ಎತ್ತರ 16 ಇಂಚು. ಕಬ್ಬಿನ ಗದ್ದೆಯ ಬಂಡಿದಾರಿಯಲ್ಲಿ ನಿಧಾನವಾಗಿ ಹೋಗುವಾಗ ಮತ್ತು ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಏರಿ ಹತ್ತುವಾಗ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ಇನ್ನೂ ದೊಡ್ಡ ಕ್ಲಚ್ ಹಾಕಿಸಬೇಕೇ? ಈ ಬೈಕಿನಲ್ಲಿ ಮಂಡ್ಯ ಪೇಟೆಗೆ ಹೋಗಿಬರಬಹುದೇ?
— ಓದುಗರೊಬ್ಬರು, ಮದ್ದೂರು ತಾಲ್ಲೂಕು

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುವುದಾದರೆ, ಹೋಗುವಂತಿಲ್ಲ. ನೋಂದಣಿಯಿಲ್ಲದ ಮೋಟಾರು ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 39ನೇ ಕಲಂ ನಿಷೇಧಿಸುತ್ತದೆ. ಆದ್ದರಿಂದ ಬೈಕು ನಿಮ್ಮ ಜಮೀನಿನೊಳಗೇ ಓಡಾಡಲಿ. ಗೇರ್ ಅನುಪಾತವನ್ನೂ (ಹಿಂದಿನ ಹಲ್ಲುಗಳನ್ನು ಎಂಜಿನ್ ಕಡೆಯ ಹಲ್ಲುಗಳಿಂದ ಭಾಗಿಸಿದ ಸಂಖ್ಯೆ) ಆ ಓಡಾಟಕ್ಕೆ ತಕ್ಕಂತೆಯೇ ಗೊತ್ತುಮಾಡಬೇಕು.

ದೊಡ್ಡ ಕ್ಲಚ್ ಹಾಕಿಸಿದರೂ ವಾಸನೆ ನಿಲ್ಲುವುದು ಅನುಮಾನ, ಏಕೆಂದರೆ ದೋಷ ಇರುವುದು ಅನುಪಾತದಲ್ಲಿ. ಎಂಜಿನ್ ವೇಗವಾಗಿ ತಿರುಗಿದಂತೆ ತಾವಾಗಿಯೇ ಹೊರಕ್ಕೆ ಸರಿಯುವ ಈ ಬಗೆಯ ಕ್ಲಚ್ಚಿನ ಶೂಗಳು ಸಾಮಾನ್ಯವಾಗಿ 2,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ನಿನ ಸುತ್ತು) ಆಸುಪಾಸಿನಲ್ಲಿ ಸುತ್ತಲಿನ ಡ್ರಮ್ಮಿಗೆ ತಾಗಲಾರಂಭಿಸಿ, ಇನ್ನೂ ಕೊಂಚ ವೇಗ ಏರಿದ ಮೇಲಷ್ಟೇ ಜಾರದೆ ಬಿಗಿಯಾಗಿ ಹಿಡಿಯುತ್ತವೆ. ನಿಮ್ಮ ಕ್ಲಚ್ 2,200ರಲ್ಲಿ ಪೂರ್ತಿ ಹಿಡಿಯುತ್ತದೆಂದು ಇಟ್ಟುಕೊಳ್ಳಿ. ಈಗಿನ ಅನುಪಾತ 5. ಅಂದರೆ ಆಗ ಚಕ್ರ ನಿಮಿಷಕ್ಕೆ 440 ಸುತ್ತು ಸುತ್ತುತ್ತದೆ. 16 ಇಂಚಿನ ಚಕ್ರ ಒಂದು ಸುತ್ತಿಗೆ ಸುಮಾರು 1.27 ಮೀಟರ್ ಸಾಗುವುದರಿಂದ ವೇಗ ಗಂಟೆಗೆ 33 ಕಿ.ಮೀ. ದಾಟುತ್ತದೆ. ಬಂಡಿದಾರಿಯಲ್ಲಿ ಅಷ್ಟು ವೇಗವಾಗಿ ಯಾರು ತಾನೇ ಹೋಗುತ್ತಾರೆ? ಅದಕ್ಕಿಂತ ನಿಧಾನವಾಗಿ ಎಳೆದುಕೊಂಡು ಹೋಗುವಾಗಲೆಲ್ಲ ಶೂಗಳು ಡ್ರಮ್ಮನ್ನು ಉಜ್ಜುತ್ತಲೇ ಇರುತ್ತವೆ. ಕ್ಲಚ್ ಬಿಚ್ಚಿ ನೋಡಿ. ಡ್ರಮ್ ನೀಲಿಗಟ್ಟಿದ್ದರೆ ಅದು ಕಾದು ಕೆಟ್ಟಿರುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಿಂದೆ 60 ಹಲ್ಲು ಹಾಕಿದರೆ ಅನುಪಾತ 6 ಆಗಿ ಕ್ಲಚ್ ಪೂರ್ತಿ ಹಿಡಿಯುವ ವೇಗ 28 ಕಿ.ಮೀ.ಗೆ ಇಳಿಯುತ್ತದೆ, ನಿಮ್ಮ ದಾರಿಗೆ ಅದೂ ಹೆಚ್ಚೇ. ನಿಮಗೆ ಬೇಕಾದದ್ದು ಸುಮಾರು 9. ಅದನ್ನು ಹಿಂದಿನ ಒಂದೇ ಸ್ಪ್ರಾಕೆಟ್ಟಿನಿಂದ ಪಡೆಯಲು ಹೊರಟರೆ 90 ಹಲ್ಲು ಬೇಕಾಗುತ್ತದೆ. ಅರ್ಧ ಇಂಚು ಪಿಚ್ಚಿನ (ಕೊಂಡಿಯಿಂದ ಕೊಂಡಿಗಿರುವ ಅಂತರ) ಚೈನಿಗೆ ಅಂಥ ಸ್ಪ್ರಾಕೆಟ್ಟಿನ ವ್ಯಾಸ 36 ಸೆಂಟಿಮೀಟರ್ ಮೀರುವುದರಿಂದ, ಅದರ ಅಂಚು ನೆಲದಿಂದ ಎರಡೇ ಸೆಂಟಿಮೀಟರ್ ಮೇಲಿದ್ದು, ಕಬ್ಬಿನ ಕೂಳೆಗೆ ಸಿಕ್ಕಿದ ಮೊದಲ ದಿನವೇ ಚೈನು ಕಳಚಿಕೊಳ್ಳುತ್ತದೆ.

ಆದಕಾರಣ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಎರಡು ಬೇರಿಂಗುಗಳ ಮೇಲೆ ಒಂದು ಜಾಕ್ ಶಾಫ್ಟ್ (ನಡುವಣ ತಿರುಗುವ ದಂಡ) ಕೂರಿಸುವುದೇ ಸರಿಯಾದ ದಾರಿ. ಕ್ಲಚ್ಚಿನ 10 ಹಲ್ಲಿನಿಂದ ಆ ಶಾಫ್ಟಿನ 18 ಹಲ್ಲಿಗೆ ಒಂದು ಚೈನು, ಅದೇ ಶಾಫ್ಟಿನ ಇನ್ನೊಂದು ತುದಿಯ 10 ಹಲ್ಲಿನಿಂದ ಈಗಿರುವ 50 ಹಲ್ಲಿಗೆ ಮತ್ತೊಂದು ಚೈನು. ಮೊದಲ ಹಂತ 1.8, ಎರಡನೆಯದು 5, ಒಟ್ಟು 9. ಕ್ಲಚ್ ಸುಮಾರು 19 ಕಿ.ಮೀ.ಯಲ್ಲೇ ಪೂರ್ತಿ ಹಿಡಿಯುತ್ತದೆ. ಏರಿ ಹತ್ತುವಾಗ ಚಕ್ರಕ್ಕೆ ಸಿಗುವ ಎಳೆತ ಈಗಿನ 1.8 ಪಟ್ಟಾಗುತ್ತದೆ. ಹೊರಡುವಾಗ ಕ್ಷಣಕಾಲ ಜಾರುವುದು ಈ ಕ್ಲಚ್ಚಿನ ಸ್ವಭಾವ, ಅದಕ್ಕೆ ಚಿಂತಿಸಬೇಡಿ.

ಎಂಜಿನ್ ವೇಗವನ್ನು ತಡೆಹಿಡಿಯುವ ಗವರ್ನರಿನ ಮಿತಿಯಾದ 3,600 ಆರ್‌ಪಿಎಂನಲ್ಲಿ ಗರಿಷ್ಠ ವೇಗ 55ರಿಂದ 30 ಕಿ.ಮೀ.ಗೆ ಇಳಿಯುವುದು ನಿಮ್ಮ ಮಗನಿಗೆ ರುಚಿಸದಿರಬಹುದು. ಆ ಕೊರತೆ ತುಂಬಲು ಅವನು ಗವರ್ನರ್ ಕಿತ್ತುಹಾಕದಂತೆ ನೋಡಿಕೊಳ್ಳಿ. ಮಿತಿ ಮೀರಿ ತಿರುಗಿದರೆ ಇಂಥ ಎಂಜಿನ್ನಿನ ಕನೆಕ್ಟಿಂಗ್ ರಾಡ್ ಮುರಿಯಬಹುದು, ಫ್ಲೈವೀಲ್ ಸಿಡಿದರಂತೂ ಅದು ಕೂತಿರುವುದು ಸವಾರನ ಕಾಲಿನ ಬಳಿಯೇ.

ಅಂಗಡಿಯಲ್ಲಿ ಚೈನು ಕೊಳ್ಳುವಾಗ ಒಂದು ಎಚ್ಚರಿಕೆ: 420 ಮತ್ತು 428 ಎಂಬ ಎರಡು ಅಳತೆಯ ಚೈನುಗಳಿಗೂ ಪಿಚ್ ಒಂದೇ, ಅಗಲ ಬೇರೆ. 428ರ ಸ್ಪ್ರಾಕೆಟ್ಟಿನ ದಪ್ಪ ಹಲ್ಲಿಗೆ 420ರ ಚೈನು ಕೂರುವುದೇ ಇಲ್ಲ. 420ರ ತೆಳು ಹಲ್ಲಿನ ಮೇಲೆ 428ರ ಚೈನು ಅಕ್ಕಪಕ್ಕ ಆಡುತ್ತದೆ. ಹಳೆಯ ಸ್ಪ್ರಾಕೆಟ್ಟನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಹೋಗಿ.