ಬಿಟ್ಟಿ ಬಸ್ಸು ಬಿಟ್ಟು ಕಂತಿನ ಸ್ಕೂಟರ್

ಮೈಸೂರಿನ ಬೋಗಾದಿ ಕಡೆಯ ಓದುಗರೊಬ್ಬರ ಪತ್ರ: "ಮಗಳು ಈ ವರ್ಷ ಡಿಗ್ರಿ ಸೇರಿದ್ದಾಳೆ. ಸಿಟಿ ಬಸ್ ಅವಳಿಗೆ ಫ್ರೀ, ನಿಜ. ಆದರೆ ಅರ್ಧ ಗಂಟೆ ಕಾಯಬೇಕು. ಬಂದರೂ ಕಾಲಿಡಲು ಜಾಗ ಇರಲ್ಲ. ಮೂರು ಸಲ ಷೋರೂಮಿಗೆ ಹೋಗಿ ಸ್ಕೂಟರ್ ನೋಡಿ ಬಂದಿದ್ದೇನೆ. ತಿಂಗಳಿಗೆ 3,500 ರೂಪಾಯಿ ಕಂತು. ನಿಮ್ಮ ಪತ್ರಿಕೆ ಯಾವಾಗಲೂ ಬಸ್ಸು, ಬಸ್ಸು ಅನ್ನುತ್ತದೆ. ನೀವು ಬಸ್ ಹತ್ತುತ್ತೀರಾ?"

ಹತ್ತುತ್ತೇನೆ ಸ್ವಾಮಿ. ಇದನ್ನು ಬರೆಯುವಾಗಲೂ ಜೇಬಿನಲ್ಲಿ ಒಂದು ಟಿಕೆಟ್ ಇದೆ. ಅದರ ಹಿಂದೆ ಕಂಡಕ್ಟರ್ ಪೆನ್ನಿನಲ್ಲಿ 3 ಅಂತ ಬರೆದು ಸುತ್ತ ಗೀಚಿದ್ದಾರೆ. ಇಳಿಯುವಾಗ ಕೊಡಬೇಕಾದ ಚಿಲ್ಲರೆ. ಇಳಿಯುವಾಗ ಇಬ್ಬರಿಗೂ ಮರೆತುಹೋಯಿತು.

ಸ್ಕೂಟರೇ ಬೇಡ ಅನ್ನುವವನಲ್ಲ ನಾನು. ಹೊತ್ತು ಮೀರಿ ಮನೆಗೆ ಬರುವವರಿಗೆ ಅದು ಬೇಕು. ಅಷ್ಟು ಒಪ್ಪಿದೆ, ಈಗ ಜಗಳಕ್ಕೆ ಬರೋಣ.

ಕಂತಿನ ಜೊತೆ ಪೆಟ್ರೋಲು, ಇನ್ಶೂರೆನ್ಸು, ಸರ್ವಿಸು, ಪಂಕ್ಚರು ಸೇರಿಸಿ. ಐದು ಸಾವಿರದ ಹತ್ತಿರ ಬರುತ್ತದೆ. ಆ ಕಡೆ ಬಸ್ಸು? 2023ರ ಜೂನ್ 11ರಿಂದ, ಶಕ್ತಿ ಯೋಜನೆಯ ದೆಸೆಯಿಂದ, ನಿಮ್ಮ ಮಗಳಿಗೆ ಸೊನ್ನೆ. ಸೊನ್ನೆ ಬಿಟ್ಟು ಐದು ಸಾವಿರ ಕೊಡಲು ಒಬ್ಬ ಅಪ್ಪ ತಯಾರಿದ್ದಾರೆ ಅಂದರೆ ತೊಂದರೆ ಟಿಕೆಟ್ಟಿನಲ್ಲಿಲ್ಲ. ಕಾಯುವುದರಲ್ಲಿದೆ. ಬಡವರ ಹೊತ್ತಿಗೆ ಬೆಲೆಯೇ ಇಲ್ಲ ಅಂದುಕೊಂಡವರು ಮಾತ್ರ ಅರ್ಧ ಗಂಟೆಗೊಂದು ಬಸ್ ಬಿಟ್ಟು ಅದನ್ನು ಅಗ್ಗ ಅನ್ನಬಲ್ಲರು.

ಇನ್ನು ನಮ್ಮೂರು ಎಷ್ಟು ದೊಡ್ಡದು ಹೇಳಿ? ಹೊರವರ್ತುಲ ರಸ್ತೆ ಪೂರ್ತಿ ಸುತ್ತಿದರೆ ಸುಮಾರು 42 ಕಿಲೋಮೀಟರ್. ಅಂದರೆ ನಡುಮಧ್ಯದಿಂದ ಅಂಚಿಗೆ ಏಳು ಕಿಲೋಮೀಟರ್ ಆಸುಪಾಸು. ಈಗ ಬಡಾವಣೆಗಳು ಆ ರಸ್ತೆ ದಾಟಿ ಹೋಗಿವೆ, ಇರಲಿ. ಇಷ್ಟು ಅಂಗೈಯಗಲದ ಊರಿಗೆ ಹತ್ತು ನಿಮಿಷಕ್ಕೊಂದು ಬಸ್ ಬಿಡಲು ಆಗಲ್ವಾ? ಅದು ಬಿಟ್ಟು ಮೈಸೂರಿಗೂ ಮೆಟ್ರೋ ಬೇಕು ಅನ್ನುವವರು ನಮ್ಮಲ್ಲಿದ್ದಾರೆ!

ಬ್ರೆಜಿಲ್‌ನ ಕುರಿಟಿಬಾ ಊರಿನವರು ಮೆಟ್ರೋಗೆ ದುಡ್ಡು ಸುರಿಯಲು ಹೋಗಲಿಲ್ಲ. 1974ರಲ್ಲೇ ಬಸ್ಸಿಗೆ ಅಂತಲೇ ಬೇರೆ ದಾರಿ ಬಿಟ್ಟರು. ಆಗಿನ ಮೇಯರ್ ಜೈಮೆ ಲರ್ನರ್ ಕಟ್ಟಡಗಳ ನಕ್ಷೆ ಬರೆಯುತ್ತಿದ್ದ ಆರ್ಕಿಟೆಕ್ಟ್. ಆಮೇಲೆ, ಟಿಕೆಟ್ ಮೊದಲೇ ತೆಗೆದುಕೊಂಡು, ಬಸ್ಸಿನ ಮಟ್ಟಕ್ಕೇ ಇರುವ ಕಟ್ಟೆಯಿಂದ ಒಳಗೆ ಕಾಲಿಡುವ ನಿಲ್ದಾಣಗಳೂ ಬಂದವು. ಅಷ್ಟು ದೂರ ಯಾಕೆ, ಹುಬ್ಬಳ್ಳಿ–ಧಾರವಾಡದ ನಡುವೆ 2018ರಿಂದ ಓಡುತ್ತಿರುವ ಚಿಗರಿಯೂ ಅದೇ ಜಾತಿಯದು. ಸುಮಾರು 22 ಕಿಲೋಮೀಟರ್. ಆ ಕಡೆಯವರು ಚಿಗರಿ ಅನ್ನುವುದು ಜಿಂಕೆಗೆ. ಬಸ್ಸಿಗೆ ಎಂಥ ಹೆಸರು! ನಮ್ಮೂರಿಗೂ ಒಮ್ಮೆ ಹುರುಪು ಬಂದಿತ್ತು. 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಯೋಜನೆ ಶುರುವಾದಾಗ 450 ಸೈಕಲ್, 48 ಕಡೆ ಸ್ಟ್ಯಾಂಡು. ನಾನೂ ಕಾರ್ಡ್ ಮಾಡಿಸಿದ್ದೆ. ಬಸ್ಸಿಳಿದು ಮನೆವರೆಗಿನ ಒಂದು ಮೈಲಿಗೆ ಅದಕ್ಕಿಂತ ಒಳ್ಳೆಯ ಉಪಾಯ ನನಗೆ ಇನ್ನೂ ಕಂಡಿಲ್ಲ.

ಆ ಒಂದು ಮೈಲಿ ನಡೆದೇ ಹೋಗಬಹುದು ಅಂತೀರಾ? ಫುಟ್‌ಪಾತ್ ಮೇಲೆ ಸ್ಕೂಟರ್ ನಿಂತಿರುತ್ತದೆ. ಮುಂದಿನ ತಿಂಗಳು ಅಲ್ಲಿ ನಿಮ್ಮದೂ ಒಂದು. ಇನ್ನು ಬಸ್ ನಿಲ್ದಾಣ. ಮೊನ್ನೆ ನಮ್ಮ ಬೀದಿಯ ಶೆಲ್ಟರಿನಲ್ಲಿ ಎಣಿಸಿದೆ. ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ನಾಲ್ಕು. ಒಂದರಲ್ಲಿ ಶುಭ ಕೋರುವವರೇ ಹದಿನೇಳು ಜನ, ಎಲ್ಲರಿಗೂ ಕೂಲಿಂಗ್ ಗ್ಲಾಸ್. ಯಾವ ನಂಬರಿನ ಬಸ್ ಎಷ್ಟು ಹೊತ್ತಿಗೆ ಅನ್ನುವ ಹಾಳೆ ಒಂದೂ ಇಲ್ಲ. ಪಕ್ಕದಲ್ಲಿ ನಿಂತ ಹೂವಿನ ಅಜ್ಜಿ ನನ್ನನ್ನು ನೋಡಿ, "ಏನು ಓದ್ತಿದೀಯಪ್ಪಾ, ಬಸ್ಸು ಬಂದಾಗ ಬತ್ತದೆ" ಅಂದರು.

ನಿಮ್ಮ ಮೇಲೆ ನನಗೆ ಒಂದೇ ಸಿಟ್ಟು. ಷೋರೂಮಿಗೆ ಮೂರು ಸಲ ಹೋದಿರಿ. ಡಿಪೋಗೆ ಒಂದು ಸಲ ಹೋದಿರಾ? ನಿಮ್ಮ ಬಡಾವಣೆಯ ಹತ್ತು ಜನ ಅಪ್ಪಂದಿರು ಸೇರಿ, ಬೆಳಗ್ಗೆ ಎಂಟೂಕಾಲಕ್ಕೆ ಇನ್ನೊಂದು ಟ್ರಿಪ್ ಕೊಡಿ ಅಂತ ಅರ್ಜಿ ಬರೆದಿರಾ? ಹೋಗುವುದಾದರೆ ಹೇಳಿ, ನಾನೂ ಬರುತ್ತೇನೆ. ನನ್ನ ಮೂರು ರೂಪಾಯಿ ಬಾಕಿ ಇದೆ.

– ಸಂಪಾದಕ