ಹಕ್ಕಿಗಳಿಗೆ ನೀರು ಬೇಡವೇ?

ಪ್ರಶ್ನೆ: ಆಸ್ಟ್ರೇಲಿಯಾದ ಗ್ಲೂಪಾಟ್ ಪಕ್ಷಿಧಾಮದಲ್ಲಿ ನೀರಿನ ಹೊಂಡಗಳನ್ನೇ ಮುಚ್ಚಿಸಿದರಂತೆ. ಒಣ ಸೀಮೆಯಲ್ಲಿ ಹಕ್ಕಿಗೆ ನೀರು ತಪ್ಪಿಸುವುದು ಯಾವ ನ್ಯಾಯ ಸರ್?

ಉತ್ತರ: ಕೇಳಿದರೆ ಹಾಗೇ ಅನಿಸುತ್ತೆ, ಅಲ್ವಾ? ಆದರೆ ಆ ಹೊಂಡಗಳನ್ನು ತೋಡಿದ್ದು ಹಕ್ಕಿಗಾಗಿ ಅಲ್ಲ, ಕುರಿಗಾಗಿ. ದಕ್ಷಿಣ ಆಸ್ಟ್ರೇಲಿಯಾದ ಈ ಜಾಗದಲ್ಲಿ ಮುಂಚೆ ಕುರಿ ಸಾಕುತ್ತಿದ್ದರು. 1997ರಲ್ಲಿ ಬರ್ಡ್ಸ್ ಆಸ್ಟ್ರೇಲಿಯಾ ಸಂಸ್ಥೆ ಜನರಿಂದ ದೇಣಿಗೆ ಎತ್ತಿ ಅದನ್ನು ಕೊಂಡುಕೊಂಡಿತು. ಸುಮಾರು 54,000 ಹೆಕ್ಟೇರ್, ನೋಡಿಕೊಳ್ಳುವವರು ಸ್ವಯಂಸೇವಕರು. ಅಲ್ಲಿನ ಹಕ್ಕಿಗಳಿಗೆ ನೀರಿನ ಬರ ಹೊಸದೇನಲ್ಲ. ಹೊಂಡದಲ್ಲಿ ವರ್ಷವಿಡೀ ನೀರು ನಿಂತರೆ ಯಾರು ಬರುತ್ತಾರೆ ಗೊತ್ತಾ? ಕಾಂಗರೂಗಳು, ಮತ್ತೆ ಯಾರದೋ ಕೈತಪ್ಪಿ ಕಾಡುಪಾಲಾದ ಆಡುಗಳು. ನೀರು ಕುಡಿದು ಸುಮ್ನೆ ಹೋಗುವುದಿಲ್ಲ, ಸುತ್ತಲಿನ ಚಿಗುರನ್ನೆಲ್ಲ ಮೇಯುತ್ತವೆ. ಜೊತೆಗೆ ಹಳದಿ ಗಂಟಲಿನ ಮೈನರ್ ಹಕ್ಕಿಯೂ ಒಳಗೆ ಬರುತ್ತದೆ. (ನಮ್ಮ ಮೈನಾಕ್ಕೂ ಇದಕ್ಕೂ ಸಂಬಂಧವಿಲ್ಲ.) ಇದು ಬಯಲು ಜಾಗದ್ದು. ತೀರಾ ಅಪರೂಪದ ಕಪ್ಪು ಕಿವಿಯ ಮೈನರ್ ಇರುವುದು ಹಳೆಯ ಕಾಡಿನಲ್ಲಿ. ಎರಡೂ ಕೂಡಿ ಮರಿ ಮಾಡುತ್ತವೆ, ಆ ಬೆರಕೆ ಮರಿಗಳೇ ಜಾಸ್ತಿಯಾಗುತ್ತಾ ಹೋದರೆ ಕೊನೆಗೆ ಅಸಲಿ ಕಪ್ಪು ಕಿವಿಯದ್ದು ಒಂದೂ ಉಳಿಯುವುದಿಲ್ಲ. ಅದಕ್ಕೇ ಹೊಂಡ ಮುಚ್ಚಿದ್ದು.

ಪ್ರಶ್ನೆ: ಅದು ನೀಲಗಿರಿ ಕಾಡಂತೆ! ನೀಲಗಿರಿಯಲ್ಲಿ ಹಕ್ಕಿ ಇರುತ್ತದಾ?

ಉತ್ತರ: ನಾವು ನೋಡಿರುವುದು ಸಾಲಾಗಿ ನೆಟ್ಟ ತೋಪು. ಅಲ್ಲಿ ಅದು ಆ ನೆಲದ್ದೇ ಗಿಡ, ತಾನಾಗಿ ಬೆಳೆದದ್ದು. ಮ್ಯಾಲಿ ಅಂತಾರೆ, ಬುಡದಿಂದಲೇ ನಾಲ್ಕಾರು ಕಾಂಡ ಒಡೆಯುವ ಕುಳ್ಳ ನೀಲಗಿರಿ. ಬೆಂಕಿ ಬಿದ್ದರೂ ನೆಲದೊಳಗಿನ ಗಡ್ಡೆಯಂಥ ಬುಡದಿಂದ ಮತ್ತೆ ಚಿಗುರುತ್ತದೆ. ಆದರೆ ಗಿಳಿ ಗೂಡು ಮಾಡುವಂಥ ಪೊಟರೆ ಆಗಲು ಹತ್ತಾರು ವರ್ಷ ಬೇಕು.

ಪ್ರಶ್ನೆ: ಕಾವಿಗೆ ಕೂರದ ಕೋಳಿಯೂ ಅಲ್ಲಿದೆಯಾ?

ಉತ್ತರ: ಇದೆ, ಮ್ಯಾಲಿಫೌಲ್. ತರಗೆಲೆ ಗುಡ್ಡೆ ಹಾಕಿ ಮೇಲೆ ಮರಳು ಮುಚ್ಚುತ್ತದೆ, ಅಗಲ ಮೂರು ಮೀಟರಿಗೂ ಜಾಸ್ತಿ. ಎಲೆ ಕೊಳೆತು ಹುಟ್ಟುವ ಬಿಸಿ, ಜೊತೆಗೆ ಬಿಸಿಲು, ಇವೇ ಮೊಟ್ಟೆಗೆ ಕಾವು. ನೋಡಿಕೊಳ್ಳುವುದು ಗಂಡು. ಕೊಕ್ಕನ್ನು ಮರಳಿಗೆ ತೂರಿಸಿ ಬಿಸಿ ಎಷ್ಟಿದೆ ಅಂತ ನೋಡುತ್ತದೆ, ಹೆಚ್ಚಾಯಿತು ಅನಿಸಿದರೆ ಮೇಲಿನ ಮರಳು ಕೆದರಿ ಆರಿಸುತ್ತದೆ, ಕಡಿಮೆಯಾದರೆ ಮತ್ತೆ ಎಳೆದು ಮುಚ್ಚುತ್ತದೆ. 33 ಡಿಗ್ರಿ ಆಸುಪಾಸಿನಲ್ಲಿ ಇರಬೇಕು, ತಿಂಗಳುಗಟ್ಟಲೆ ಇದೇ ಕೆಲಸ. ಮರಿ ಮಾತ್ರ ಗುಡ್ಡೆಯಿಂದ ತಾನೇ ಕೆದರಿಕೊಂಡು ಹೊರಬಂದು, ಅಪ್ಪನ ಮುಖವನ್ನೂ ನೋಡದೆ ಪೊದೆಗೆ ನುಗ್ಗುತ್ತದೆ. ಅಪ್ಪನೂ ಕರೆಯುವುದಿಲ್ಲ.